ಗಣಪತಿಯನ್ನು ಬಿಟ್ಟುಹೋದ ಕಣಿವೆ

ಅಮರನಾಥದ ಮಾತು ಬಂದಾಗಲೆಲ್ಲ ‘ಅವನು ಕರೆಸಿಕೊಂಡರೆ ಹೋಗುವುದು’ ಅನ್ನುವವರು ನಮ್ಮಲ್ಲಿ ಬಹಳ. ಮನೆಯಲ್ಲಿ ಕೂತು ಆಡುವಾಗ ಅದು ವಿನಯದ ಮಾತು. ಹೋಗುವುದು ನಮ್ಮ ಕೈಯಲ್ಲಿಲ್ಲ ಅನ್ನುವುದಷ್ಟೇ ಅದರ ಅರ್ಥ. ಟಿಕೆಟ್ ಮಾಡಿಸಿ, ರಜೆ ಹಾಕಿ, ಪಹಲ್‌ಗಾಮ್ ತಲುಪಿದ ಮೇಲೆ ಅದೇ ಮಾತು ಮಗ್ಗುಲು ಬದಲಿಸುತ್ತದೆ: ಕರೆಸಿಕೊಂಡವನು ಮಳೆಯನ್ನೂ ನೋಡಿಕೊಳ್ಳುತ್ತಾನೆ! ವಿನಯ ಸದ್ದಿಲ್ಲದೆ ಹಕ್ಕಾಗಿಬಿಡುತ್ತದೆ. ಹಾಗಾದರೆ ಮೋಡ ನೋಡಿ ದಿನ ಗೊತ್ತುಮಾಡಿಕೊಳ್ಳುವವನು, ಅರ್ಧ ದಾರಿಯಿಂದ ಹಿಂದಿರುಗುವವನು ನಂಬಿಕೆಯಲ್ಲಿ ಕಡಿಮೆಯವನೇ? ಅಲ್ಲವೆಂಬುದು ನನ್ನ ವಾದ. ಆ ವಾದಕ್ಕೆ ಬೇಕಾದ ಆಧಾರ ಹವಾಮಾನ ಶಾಸ್ತ್ರದಲ್ಲಿ ಎಷ್ಟಿದೆಯೋ ಅಷ್ಟೇ ನಮ್ಮ ಆಚರಣೆಯಲ್ಲೂ ಇದೆ.

ಮೊದಲು ದಾರಿಯನ್ನು ನೋಡೋಣ. ಪಹಲ್‌ಗಾಮ್ ಕಡೆಯಿಂದ ಹೋಗುವವರು ಚಂದನವಾಡಿ, ಶೇಷನಾಗ ದಾಟಿ ಮಹಾಗುಣಾಸ್ ಪಾಸ್ ಏರಬೇಕು. ಅದರ ಎತ್ತರ ಸುಮಾರು 4,276 ಮೀಟರ್. ಗುಹೆ ಇರುವುದು 3,888 ಮೀಟರಿನಲ್ಲಿ. ಅಂದರೆ ಯಾತ್ರೆಯ ಅತಿ ಎತ್ತರದ ಜಾಗ ದೇವರ ಸನ್ನಿಧಿಯಲ್ಲ, ಅದಕ್ಕೆ ಮುಂಚೆ ಸಿಗುವ ಈ ಬೋಳು ಕಣಿವೆ. ಇಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇಕಡಾ 60ರಷ್ಟು ಮಾತ್ರ. ಒಂದು ಕಿಲೋಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿಯಷ್ಟು ತಾಪ ಇಳಿಯುತ್ತದೆ. ಬೆಳಗ್ಗೆ ತಿಳಿಯಾಗಿದ್ದ ಆಕಾಶ, ಬಿಸಿಲಿಗೆ ಕಾದ ಇಳಿಜಾರುಗಳ ಗಾಳಿ ಮೇಲೇರಿದ ಹಾಗೆ ಮಧ್ಯಾಹ್ನದ ಹೊತ್ತಿಗೆ ಮೋಡ ಕಟ್ಟಿಕೊಳ್ಳುತ್ತದೆ. ಬೆಳಗ್ಗೆ ಬೇಗ ಹೊರಟು ಕಣಿವೆ ದಾಟಿಬಿಡಬೇಕು ಅನ್ನುವುದು ಇದಕ್ಕೇ. ಇನ್ನು ಸ್ಥಳಪುರಾಣ. ಪಾರ್ವತಿಗೆ ಅಮರಕಥೆ ಹೇಳಲು ಹೊರಟ ಶಿವ ಪಹಲ್‌ಗಾಮ್‌ನಲ್ಲಿ ನಂದಿಯನ್ನು, ಚಂದನವಾಡಿಯಲ್ಲಿ ಚಂದ್ರನನ್ನು, ಶೇಷನಾಗದಲ್ಲಿ ಹಾವುಗಳನ್ನು, ಮಹಾಗುಣಾಸ್‌ನಲ್ಲಿ ಮಗ ಗಣಪತಿಯನ್ನು, ಪಂಚತರಣಿಯಲ್ಲಿ ಪಂಚಭೂತಗಳನ್ನು ಬಿಟ್ಟುಹೋದನಂತೆ. ಎಲ್ಲರಿಗಿಂತ ಮೊದಲು ಪೂಜೆಗೊಳ್ಳುವ ವಿಘ್ನನಿವಾರಕನನ್ನು ದಾರಿಯ ನೆತ್ತಿಯಲ್ಲೇ ಬಿಟ್ಟುಹೋದ ಕಥೆಯಿದು. ವಿಘ್ನ ಇಲ್ಲದೆ ಸಾಗಬೇಕೆಂಬ ಹಟವನ್ನೂ ಇಲ್ಲಿ ಇಳಿಸಿಹೋಗಬೇಕು ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ. ಬೇರೆಯವರು ಬೇರೆ ರೀತಿ ಓದಿಯಾರು. ಪುರಾಣಕ್ಕೆ ಅಷ್ಟು ಸಡಿಲ ಇದ್ದೇ ಇದೆ.

1996ರ ಆಗಸ್ಟ್ ಕೊನೆಯ ವಾರ ಈ ದಾರಿಯಲ್ಲಿ ಲಕ್ಷಕ್ಕೂ ಹೆಚ್ಚು ಜನರಿದ್ದರು. ಶ್ರಾವಣ ಹುಣ್ಣಿಮೆ ಹತ್ತಿರವಿತ್ತು. ಎಡೆಬಿಡದ ಮಳೆ, ಅದರ ಮೇಲೆ ಹಿಮ. ಇನ್ನೂರನಲವತ್ತಕ್ಕೂ ಹೆಚ್ಚು ಜನ ಸತ್ತರು, ಹೆಚ್ಚಿನವರು ಚಳಿಗೆ ಮತ್ತು ಬಳಲಿಕೆಗೆ. ಮನುಷ್ಯ ಚಳಿಗೆ ಸಾಯಲು ನೀರು ಹೆಪ್ಪುಗಟ್ಟುವಷ್ಟು ಶೀತ ಬೇಕಿಲ್ಲ. ನೆನೆದ ಹತ್ತಿಬಟ್ಟೆ, ಬೀಸುವ ಗಾಳಿ, ಖಾಲಿ ಹೊಟ್ಟೆ, ಇಷ್ಟು ಸಾಕು. ಆಮೇಲೆ ನಿತೀಶ್ ಸೇನ್‌ಗುಪ್ತಾ ಸಮಿತಿ ಯಾತ್ರಿಕರ ಸಂಖ್ಯೆಗೆ, ವಯಸ್ಸಿಗೆ, ದೇಹಸ್ಥಿತಿಗೆ ಮಿತಿ ಇರಬೇಕೆಂದಿತು. ಇಂದು ಕೇಳುವ ನೋಂದಣಿ, ಆರೋಗ್ಯ ಪ್ರಮಾಣಪತ್ರಗಳ ಹಿಂದೆ ಆ ಸಾವುಗಳಿವೆ. ಭಕ್ತಿಗೆ ಸರ್ಕಾರಿ ಮೊಹರು ಯಾಕೆ ಎಂದು ಗೊಣಗುವವರು ಅದನ್ನು ಮರೆಯುತ್ತಾರೆ.

ಹುಣ್ಣಿಮೆಯ ದಿನವೇ ದರ್ಶನವಾಗಬೇಕು, ತಿಥಿ ತಪ್ಪಿದರೆ ಫಲವೇನು ಎಂದು ಕೇಳಬಹುದು. ಮನೆಯಲ್ಲಿ ಯಾವುದೇ ಪೂಜೆಗೆ ಕೂತಾಗ ಪುರೋಹಿತರು ಹೇಳಿಸುವ ಸಂಕಲ್ಪವನ್ನು ನೆನಪಿಸಿಕೊಳ್ಳಿ. ಅದರಲ್ಲಿ ತಿಥಿ ಒಂದೇ ಬರುವುದಿಲ್ಲ. ದೇಶ ಬರುತ್ತದೆ, ಅಯನ ಬರುತ್ತದೆ, ಋತು ಬರುತ್ತದೆ. ನಾನು ಎಲ್ಲಿ, ಎಂಥ ಕಾಲದಲ್ಲಿ ಕೂತಿದ್ದೇನೆ ಎಂದು ಒಪ್ಪಿಕೊಂಡ ಮೇಲೇ ಕರ್ಮ ಶುರು. ಕೊನೆಗೊಂದು ‘ಯಥಾಶಕ್ತಿ’ಯೂ ಸೇರಿಕೊಳ್ಳುತ್ತದೆ. ತಿಥಿ ಚಂದ್ರನ ಲೆಕ್ಕ, ಋತು ನೆಲದ ಲೆಕ್ಕ, ಶಕ್ತಿ ನಮ್ಮ ಮೈಯ ಲೆಕ್ಕ. ಮೂರರಲ್ಲಿ ಒಂದನ್ನೇ ಹಿಡಿದು ಹೊರಡುವವನು ಶಾಸ್ತ್ರ ಪಾಲಿಸಿದಂತಾಗಲಿಲ್ಲ. ನಮ್ಮ ರೈತರನ್ನೇ ನೋಡಿ. ಆರಿದ್ರಾ, ಪುಷ್ಯ, ಮಘೆ ಎಂದು ಮಳೆ ನಕ್ಷತ್ರಗಳ ಹೆಸರು ಬಾಯಿಪಾಠ. ಆದರೂ ಬೀಜ ಬಿತ್ತುವ ಬೆಳಗ್ಗೆ ತಲೆಯೆತ್ತಿ ಮೋಡ ನೋಡುತ್ತಾರೆ, ಹಿಡಿ ಮಣ್ಣೆತ್ತಿ ಹದ ನೋಡುತ್ತಾರೆ. ಇದರಿಂದ ಪಂಚಾಂಗಕ್ಕೆ ಅವಮಾನವಾಯಿತೆಂದು ಯಾರೂ ಅಂದದ್ದಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಒಂದಿದೆ. ಹಿಮಾಲಯದ ಯಾತ್ರೆಯೆಂದರೆ ಪ್ರಾಣದ ಹಂಗು ತೊರೆಯುವುದೇ ಅಲ್ಲವೇ, ಪಾಂಡವರು ಹವೆ ಕೇಳಿ ಹೊರಟರೇ ಎಂದು. ದ್ರೌಪದಿಯಿಂದ ಭೀಮನವರೆಗೆ ಒಬ್ಬೊಬ್ಬರೇ ಬಿದ್ದರೂ ಧರ್ಮರಾಯ ನಿಲ್ಲಲಿಲ್ಲ, ನಿಜ. ಆದರೆ ಅದು ಮಹಾಪ್ರಸ್ಥಾನ, ಮರಳುವ ಯೋಚನೆಯೇ ಇಲ್ಲದ ನಡಿಗೆ. ಹೊರಡುವ ಮುನ್ನ ಪರೀಕ್ಷಿತನಿಗೆ ಪಟ್ಟ ಕಟ್ಟಿದ್ದರು, ಹೊಣೆಗಳನ್ನು ತೀರಿಸಿದ್ದರು. ವಾಪಸು ಟಿಕೆಟ್ ಜೇಬಿನಲ್ಲಿಟ್ಟುಕೊಂಡ ಯಾತ್ರಿಕ ಮನೆಯವರಿಗೆ ಬರುತ್ತೇನೆಂದು ಮಾತು ಕೊಟ್ಟು ಬಂದವನು. ಅವನು ಒಂಟಿಯೂ ಅಲ್ಲ. ಅವನ ಕುದುರೆ ಹಿಡಿದವರು, ಡೋಲಿ ಹೊತ್ತವರು, ಸಾಮಾನು ಹೊರುವವರು ಇದ್ದಾರೆ. ಬಹುತೇಕ ಅಲ್ಲಿಯದೇ ಮುಸ್ಲಿಂ ಕುಟುಂಬಗಳವರು, ಯಾತ್ರೆಯ ದಿನಗಳ ದುಡಿಮೆಯನ್ನು ನೆಚ್ಚಿದವರು. ತನ್ನ ಜೀವವನ್ನು ಶಿವನಿಗೆ ಒಪ್ಪಿಸಲು ಯಾರಿಗೂ ಅಡ್ಡಿಯಿಲ್ಲ. ಡೋಲಿ ಹೊತ್ತವನ ಜೀವವನ್ನು ಒಪ್ಪಿಸಲು ಇವನಿಗೆ ಅಧಿಕಾರ ಕೊಟ್ಟವರು ಯಾರು? ಭಕ್ತಿ ಎಂದು ಕರೆಸಿಕೊಳ್ಳುವ ಧೈರ್ಯದಲ್ಲಿ ಈ ಲೆಕ್ಕ ಹೆಚ್ಚಾಗಿ ಬಿಟ್ಟುಹೋಗಿರುತ್ತದೆ.

ಮುನ್ಸೂಚನೆಯೂ ಸುಳ್ಳಾಗುತ್ತದಲ್ಲ ಎಂಬುದು ಕೊನೆಯ ವಾದ. 2022ರ ಜುಲೈ 8ರ ಸಂಜೆ ಗುಹೆಯ ಬಳಿ ನುಗ್ಗಿದ ನೀರು ಗುಡಾರಗಳನ್ನು ಕೊಚ್ಚಿಕೊಂಡುಹೋಯಿತು, ಕನಿಷ್ಠ 15 ಜನ ಸತ್ತರು. ಮೇಘಸ್ಫೋಟ ಎಂಬ ಸುದ್ದಿ ಹಬ್ಬಿತು. ಹವಾಮಾನ ಇಲಾಖೆಯ ಮಾಪನದಲ್ಲಿ ಆ ಸಂಜೆ ಎರಡು ಗಂಟೆಗಳಲ್ಲಿ ಬಿದ್ದದ್ದು 31 ಮಿಲಿಮೀಟರ್. ಮೇಘಸ್ಫೋಟ ಅನ್ನಲು ಗಂಟೆಗೆ 100 ಮಿಲಿಮೀಟರಿನಷ್ಟು ಬೇಕು. ಆಗುಂಬೆಯಲ್ಲಿ 31 ಮಿಲಿಮೀಟರ್ ಮಳೆಗೆ ಯಾರೂ ಕೊಡೆಯ ಸುದ್ದಿಯನ್ನೂ ಎತ್ತಲಾರರು. ಆದರೆ ಗಿಡಮರವಿಲ್ಲದ ಬೆಟ್ಟದ ಮೇಲೆ ಸುರಿದ ನೀರು ಇಂಗುವುದಿಲ್ಲ, ಹಳ್ಳದ ಪಾತ್ರಕ್ಕೇ ಇಳಿಯುತ್ತದೆ. ಎಷ್ಟು ಗಂಟೆಗೆ ಬರುತ್ತದೆಂದು ತಿಳಿಯುವುದು ಕಷ್ಟವೇ ಇರಬಹುದು, ಎಲ್ಲಿಗೆ ಬರುತ್ತದೆಂಬುದನ್ನು ನೆಲವೇ ಹೇಳುತ್ತಿರುತ್ತದೆ. ಗೀತೆಯ ಹದಿನೆಂಟನೆಯ ಅಧ್ಯಾಯ ಯಾವುದೇ ಕೆಲಸ ನಡೆಯಲು ಐದು ಕಾರಣಗಳನ್ನು ಹೇಳುತ್ತದೆ: ನೆಲೆ, ಮಾಡುವವನು, ಸಾಧನಗಳು, ಬಗೆಬಗೆಯ ಪ್ರಯತ್ನ, ಐದನೆಯದಾಗಿ ದೈವ. ದೈವವನ್ನು ಅದು ಕೈಬಿಡುವುದಿಲ್ಲ. ಉಳಿದ ನಾಲ್ಕನ್ನೂ ದೈವದ ಹೆಗಲಿಗೇರಿಸಲು ಬಿಡುವುದೂ ಇಲ್ಲ. ಗುಡಾರ ಎಲ್ಲಿ ಹೂಡಬೇಕೆಂಬುದು ಮೊದಲನೆಯ ಕಾರಣಕ್ಕೆ ಸೇರಿದ್ದು.

ಇಷ್ಟಕ್ಕೂ ಅಲ್ಲಿ ದೇವರಾಗಿ ನಿಂತದ್ದು ಏನು? ಬಂಡೆಯ ಸಂದಿನಿಂದ ತೊಟ್ಟಿಕ್ಕಿದ ನೀರು ಚಳಿಗೆ ಗಟ್ಟಿಯಾದದ್ದು. ಕಣಿವೆಯಲ್ಲಿ ಯಾತ್ರಿಕನನ್ನು ತಡೆಯುವ ನೀರು, ಶೀತಗಳೇ ಗುಹೆಯೊಳಗೆ ಲಿಂಗವಾಗಿವೆ. ಒಳಗಿನದಕ್ಕೆ ಕೈಮುಗಿದು ಹೊರಗಿನದನ್ನು ಅಡ್ಡಿ ಎಂದು ಬಯ್ಯುವುದು ಹೇಗೆ? ಕೆಲವು ವರ್ಷ ಸೆಕೆ ಹೆಚ್ಚಾಗಿ ಯಾತ್ರೆ ಮುಗಿಯುವ ಎಷ್ಟೋ ಮೊದಲೇ ಲಿಂಗ ಕರಗಿಹೋಗುತ್ತದೆ. ಆಗಲೂ ಜನ ಸಾಲಿನಲ್ಲಿ ನಿಂತು, ಒದ್ದೆ ನೆಲಕ್ಕೆ ಹಣೆ ಹಚ್ಚಿ, ದರ್ಶನವಾಯಿತು ಎಂದೇ ಊರಿಗೆ ಬಂದು ಹೇಳುತ್ತಾರೆ. ಅವರ ಮಾತನ್ನು ಯಾರೂ ಸುಳ್ಳೆನ್ನುವುದಿಲ್ಲ. ಮಹಾಗುಣಾಸ್ ಕಡೆ ಕವಿದ ಮೋಡ ನೋಡಿ ಶೇಷನಾಗದಿಂದಲೇ ಇಳಿದು ಬಂದವನೂ ಹಾಗೆಯೇ ಹೇಳಿದರೆ, ಅವನಿಗೆ ಇಲ್ಲವೆನ್ನಲು ನನ್ನ ಬಳಿ ಕಾರಣವಿಲ್ಲ.