ಅರಿಯದೆ ತಂದ ಸುಳ್ಳುಸಾಕ್ಷಿ

ಸುಳ್ಳೆಂದು ತಿಳಿಯದೆ ಸುಳ್ಳನ್ನು ನ್ಯಾಯಸ್ಥಾನಕ್ಕೆ ತಂದವನು ದೋಷಿಯೋ, ನಿರ್ದೋಷಿಯೋ? ಇದನ್ನು ನಾವು ಕೂಡಿ ವಿಚಾರಿಸೋಣ.

2023ನೆಯ ಇಸವಿಯಲ್ಲಿ ಬ್ರಿಟನ್ ದೇಶದ ತೆರಿಗೆ ನ್ಯಾಯಮಂಡಲಿಯ ಮುಂದೆ ಒಬ್ಬ ಸ್ತ್ರೀಯು ವಕೀಲರಿಲ್ಲದೆ ತಾನೇ ವಾದಿಸಿದಳು. ಸ್ಥಿರಾಸ್ತಿಯನ್ನು ಮಾರಿದ ಲಾಭವನ್ನು ಸರಕಾರಕ್ಕೆ ತಿಳಿಸದೆ ಇದ್ದದರಿಂದ ಆಕೆಗೆ ದಂಡ ಬಿದ್ದಿತ್ತು. ತನ್ನಂಥವರು ಹಿಂದೆ ಗೆದ್ದದ್ದುಂಟೆಂದು ತೋರಿಸುವದಕ್ಕೆ ಆಕೆಯು 9 ತೀರ್ಪುಗಳನ್ನು ಮುಂದಿಟ್ಟಳು. ಹುಡುಕಿ ನೋಡಲಾಗಿ, ಅವುಗಳಲ್ಲಿ ಒಂದಾದರೂ ನಿಜವಾದದ್ದಲ್ಲ. ಚಾಟ್‌ಜಿಪಿಟಿಯಂಥ ಕೃತಕ ಬುದ್ಧಿಯ ಯಂತ್ರವು ಅವುಗಳನ್ನು ಕಲ್ಪಿಸಿತ್ತೆಂದು ಮಂಡಲಿಯು ನಿರ್ಣಯಿಸಿತು. ಆಕೆಯು ಇದನ್ನು ಅರಿಯಳೆಂಬದನ್ನೂ ನಂಬಿತು. ಆದರೂ ಆಕೆಯ ಮನವಿಯು ನಿಲ್ಲಲಿಲ್ಲ.

2024ರಲ್ಲಿ ಅಮೇರಿಕದ ಮಿಸೌರಿ ಸೀಮೆಯ ಮೇಲ್ಮನವಿ ನ್ಯಾಯಸ್ಥಾನದಲ್ಲಿಯೂ ಹೀಗೆಯೇ ಆಯಿತು. ಸ್ವತಃ ವಾದಿಸಿದ ಒಬ್ಬನು ಹೆಸರಿಸಿದ 24 ತೀರ್ಪುಗಳಲ್ಲಿ 2 ಮಾತ್ರ ನಿಜವಾಗಿದ್ದವು. ಅಲ್ಪ ಹಣ ಕೊಟ್ಟು ಬೇರೊಬ್ಬನಿಂದ ಬರೆಯಿಸಿದೆನು, ಯಂತ್ರದ ಸಂಗತಿಯನ್ನರಿಯೆನು ಎಂದು ಅವನು ಕ್ಷಮೆ ಬೇಡಿದನು. ಎದುರಾಳಿಗೆ 10,000 ಡಾಲರ್ ಕೊಡಬೇಕೆಂದು ನ್ಯಾಯಾಧೀಶರು ವಿಧಿಸಿದರು.

ಇದು ಕಠಿಣವಲ್ಲವೇ ಎಂದು ಕೆಲವರು ಕೇಳಬಹುದು. ವಕೀಲರಿಗೆ ಕೊಡಲು ಹಣವಿಲ್ಲದವನು ಸಿಕ್ಕಿದ ಕೋಲನ್ನು ಹಿಡಿಯುವದು ಸಹಜವೇ. ಯಂತ್ರಕ್ಕಾದರೋ ಸುಳ್ಳಾಡುವ ಮನಸ್ಸಿಲ್ಲ, ಸತ್ಯವನ್ನಾಡುವ ಮನಸ್ಸೂ ಇಲ್ಲ. ಯಾವ ಮಾತಿನ ಹಿಂದೆ ಯಾವ ಮಾತು ಬರುವದು ವಾಡಿಕೆಯೋ ಹಾಗೆ ಅದು ಹೊಂದಿಸುತ್ತದೆ. ಆದದರಿಂದ ಇಲ್ಲದ ತೀರ್ಪಿಗೂ ಹೆಸರು, ಇಸವಿಗಳು ತಕ್ಕಂತೆ ಕೂಡಿಬರುತ್ತವೆ.

ಆದರೆ ನಮ್ಮ ಊರುಗಳಲ್ಲಿ, ಬೇರೊಬ್ಬರು ಬರೆದ ಪತ್ರವನ್ನು ಓದಿಸಿ ಕೇಳದೆ ಹೆಬ್ಬೆಟ್ಟು ಒತ್ತಿದವನಿಗೆ ಹಿರಿಯರು ಏನನ್ನುತ್ತಾರೆ? ಮೋಸಗಾರನೆನ್ನುವದಿಲ್ಲ, ಆದರೆ ಒತ್ತಿದ ಬೆರಳು ನಿನ್ನದೇ ಅನ್ನುತ್ತಾರೆ. ಅರಿಯದವನು ವಂಚಕನಲ್ಲ, ನಿಜವೇ. ಆದರೂ ಅವನ ಕಾಗದವನ್ನು ಹುಡುಕಿ ದಣಿದ ಎದುರಾಳಿಗೆ ನಷ್ಟವುಂಟು. ತನ್ನ ಸರದಿಗಾಗಿ ಕಾದಿರುವ ಮತ್ತೊಬ್ಬ ಬಡವನಿಗೂ ನಷ್ಟವುಂಟು. ಮನಸ್ಸು ಶುದ್ಧವಾದ ಮಾತ್ರಕ್ಕೆ ಇವರ ನಷ್ಟವು ತೀರದು.

ಹಾಗಾದರೆ ಹೊರೆಯೆಲ್ಲಾ ಬಡವನ ಮೇಲೆಯೋ? ಅಲ್ಲ. ಬ್ರಿಟನ್ನಿನಲ್ಲಿ ಅನೇಕ ತೀರ್ಪುಗಳನ್ನು ಯಾರಾದರೂ ಹಣವಿಲ್ಲದೆ ಓದಬಹುದು. ಆದರೆ ಆ ಸ್ತ್ರೀಗೆ ಈ ದಾರಿಯು ತಿಳಿದಿರಲಿಲ್ಲ. ಬಾಗಿಲು ತೆರೆದಿಟ್ಟದ್ದು ಸಾಲದು. ಬಾಗಿಲು ಇಂಥಲ್ಲಿ ಉಂಟೆಂದು ತೋರಿಸುವದು ಬಲ್ಲವರ ಕರ್ತವ್ಯ. ತನ್ನ ಹೆಸರಿನಲ್ಲಿ ಹೋಗುವ ಒಂದೊಂದು ಮಾತನ್ನೂ ಪರೀಕ್ಷಿಸುವದು, ಆಗದಿದ್ದರೆ ಬಲ್ಲವರನ್ನು ಕೇಳುವದು, ಅದೂ ಆಗದಿದ್ದರೆ ಆ ಮಾತನ್ನು ಬಿಟ್ಟು ತಾನು ಕಂಡದ್ದನ್ನೇ ಹೇಳುವದು ನಮ್ಮೆಲ್ಲರ ಕರ್ತವ್ಯ. ಸತ್ಯವಾದ ನಾಲ್ಕು ಮಾತುಗಳುಳ್ಳವನು ಸೋತರೂ ತಲೆ ತಗ್ಗಿಸಬೇಕಾಗಿಲ್ಲ.