ಬೇಡ ಎನ್ನುವ ಹಕ್ಕು

ಸ್ಯಾನ್ ಫ್ರಾನ್ಸಿಸ್ಕೋ ನಗರದ ನಟ್ಟನಡುವೆ ಟೆಂಡರ್‌ಲಾಯ್ನ್ ಎಂಬ ಬಡವರ ಕೇರಿಯಿದೆ. ಅಲ್ಲಿನ ಎಲ್ಲಿಸ್ ರಸ್ತೆಯ ಗ್ಲೈಡ್ ಚರ್ಚಿಗೆ 1963ರಲ್ಲಿ ಬಂದ ಕಪ್ಪು ಪಾದ್ರಿ ಸೆಸಿಲ್ ವಿಲಿಯಮ್ಸ್, 1967ರಲ್ಲಿ ಪ್ರಾರ್ಥನಾ ಮಂದಿರದ ಶಿಲುಬೆಯನ್ನೇ ಇಳಿಸಿಬಿಟ್ಟರು. ಮನೆಯಿಲ್ಲದವರು, ಚಟಕ್ಕೆ ಬಿದ್ದವರು, ಸಲಿಂಗಿಗಳು, ಹೀಗೆ ಬೇರೆ ಕಡೆ ಹೊಸ್ತಿಲು ದಾಟಲಾಗದವರನ್ನೆಲ್ಲ ಒಳಗೆ ಕರೆದರು. ಈಗ ಆ ಕಟ್ಟಡದ ನೆಲಮಾಳಿಗೆಯಲ್ಲಿ ಮೂರು ಹೊತ್ತೂ ಪುಕ್ಕಟೆ ಊಟ. ಕೇರಿಯವರ ಮಕ್ಕಳಿಗೆ, ಕಾಯಿಲೆಯವರಿಗೆ, ಮನೆ ಹುಡುಕುವವರಿಗೆ ಅದೇ ಆಸರೆ.

ಮಗಳ ಮನೆಗೆ ಹೋದಾಗ ಅವಳ ಜತೆ ನಾನೂ ಅಲ್ಲಿ ಬಡಿಸಲು ಹೋಗುತ್ತಿದ್ದೆ. ಸೀರೆಯ ಮೇಲೆ ಏಪ್ರನ್, ತಲೆಗೆ ಬಲೆಟೋಪಿ. ಊಟಕ್ಕೆ ಮುಂಚೆ ಪ್ರಾರ್ಥನೆಯಿಲ್ಲ. ಯಾವ ಜಾತಿ, ಯಾವ ಮತ ಎಂದು ಯಾರೂ ಕೇಳುವುದಿಲ್ಲ. ಒಬ್ಬ ಮುದುಕ ತಟ್ಟೆ ನೋಡಿ, "ಬೀನ್ಸ್ ಬೇಡ, ಬ್ರೆಡ್ ಇನ್ನೊಂದು ಕೊಡಿ" ಎಂದ. ದನಿಯಲ್ಲಿ ಸಂಕೋಚವಿರಲಿಲ್ಲ. ಆ ಮಾತು ನನಗೆ ಬಹಳ ಹಿಡಿಸಿತು. ನಮ್ಮ ಪಂಕ್ತಿಗಳಲ್ಲೂ ಸಾಕಾದವರು ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತಾರಲ್ಲ, ಬಡಿಸುವವರು ಒತ್ತಾಯ ಮಾಡಿದರೂ ಕೈ ತೆಗೆಯುವುದಿಲ್ಲ. ಹಾಗೆ ಬೇಡ ಎನ್ನಬಲ್ಲವನು ಅತಿಥಿ. ಕೊಟ್ಟದ್ದನ್ನೆಲ್ಲ ತಲೆಬಾಗಿ ಒಪ್ಪಲೇಬೇಕಾದವನು ಭಿಕ್ಷುಕ.

ದೇವರ ವಿಷಯದಲ್ಲೂ ಹೀಗೇ ಅಲ್ಲವೇ? ಹಸಿದವನಿಗೆ ತಟ್ಟೆ ತೋರಿಸಿ ಮೊದಲು ಕೈ ಮುಗಿ ಎಂದರೆ ಅವನು ಮುಗಿಯುತ್ತಾನೆ. ಆದರೆ ಅವನು ಕೈ ಮುಗಿದದ್ದು ದೇವರಿಗೋ, ಅನ್ನ ಇಟ್ಟುಕೊಂಡು ನಿಂತ ನನಗೋ? ಒಲ್ಲೆ ಎನ್ನಲು ದಾರಿಯಿಲ್ಲದವನ ಪ್ರಾರ್ಥನೆ ದೇವರಿಗೆ ಮುಟ್ಟುತ್ತದೆಂದು ನಾನು ನಂಬಲಾರೆ. ವಿಲಿಯಮ್ಸರು ಶಿಲುಬೆ ಇಳಿಸಿದ್ದು ನಾಸ್ತಿಕತನವೆಂದು ಅನೇಕರಿಗೆ ಕಂಡಿರಬಹುದು. ನನಗೆ ಅದು ದೇವರನ್ನು ಸುಂಕದ ಕಟ್ಟೆಯಿಂದ ಎಬ್ಬಿಸಿ ಕಳಿಸಿದ ಕೆಲಸ.

ನಮ್ಮ ಮನೆಯವರು ಇದನ್ನು ಒಪ್ಪುವುದಿಲ್ಲ. ಅವರು ಸಿದ್ಧಗಂಗಾ ಮಠದಲ್ಲಿ ಉಂಡು ಓದಿದವರು. ಎಲ್ಲ ಜಾತಿಯ ಸಾವಿರಾರು ಮಕ್ಕಳ ಜತೆ ದಿನವೂ ಸಾಮೂಹಿಕ ಪ್ರಾರ್ಥನೆಗೆ ಕೂತವರು. ಇಂದಿಗೂ ತಟ್ಟೆಯ ಮುಂದೆ ಕಣ್ಣು ಮುಚ್ಚದೆ ಉಣ್ಣುವುದಿಲ್ಲ. "ಆ ಪ್ರಾರ್ಥನೆ ಇಲ್ಲದಿದ್ದರೆ ನಾನು ಪರರ ಅನ್ನ ತಿಂದವನಾಗುತ್ತಿದ್ದೆ ಕಣೇ. ಶಿವನ ಅನ್ನ ಅಂದುಕೊಂಡದ್ದರಿಂದ ತಲೆ ಎತ್ತಿ ಉಂಡೆ" ಎನ್ನುತ್ತಾರೆ. ಅದು ದೊಡ್ಡ ಮಾತು, ತಳ್ಳಿಹಾಕಲಾರೆ. ಆದರೆ ಅಲ್ಲಿ ಮಠದ ಶಿವಕುಮಾರ ಸ್ವಾಮಿಗಳೂ ಅದೇ ಶಿವನಿಗೆ ಕೈ ಮುಗಿಯುತ್ತಿದ್ದರು. ಕೊಡುವವರು, ಉಣ್ಣುವವರು ಇಬ್ಬರೂ ತಲೆಬಾಗಿದರೆ ಅದು ಪ್ರಾರ್ಥನೆ. ಉಣ್ಣುವವನೊಬ್ಬನೇ ಬಾಗಬೇಕೆಂದರೆ ಅದು ಬಾಡಿಗೆ.

ಇನ್ನು ಹಣ ಕೊಡುವವರ ಮಾತು. ಗ್ಲೈಡ್‌ಗಾಗಿ ಶ್ರೀಮಂತ ಹೂಡಿಕೆದಾರ ವಾರೆನ್ ಬಫೆಟ್ 2000ರಿಂದ 2022ರವರೆಗೆ ತಮ್ಮೊಂದಿಗಿನ ಊಟವನ್ನು ಹರಾಜಿಗಿಡುತ್ತ ಬಂದರು. 2022ರ ಹರಾಜಿನಲ್ಲಿ ಒಬ್ಬರು 1 ಕೋಟಿ 90 ಲಕ್ಷ ಡಾಲರ್ ಕೊಟ್ಟರು, ಹೆಸರು ಹೇಳಿಕೊಳ್ಳಲಿಲ್ಲ. ಒಂದೇ ಊಟಕ್ಕೆ ಅಷ್ಟು ಹಣ ತೆರುವ ಲೋಕದ ಬಗ್ಗೆ ನನಗೆ ಸಂಕಟವಿದೆ. ಆದರೂ ಆ ಹೆಸರಿಲ್ಲದಿರುವಿಕೆಗೆ ನಾನು ತಲೆಬಾಗುತ್ತೇನೆ. ಬೀನ್ಸ್ ಬೇಡ ಎಂದ ಮುದುಕ ಯಾರಿಗೂ ಋಣಿಯಾಗಿ ಕೂರಬೇಕಾಗಿರಲಿಲ್ಲ.

"ಬರೀ ಹೊಟ್ಟೆ ತುಂಬಿಸಿದರೆ ಆಯಿತೇ? ಅವನಿಗೂ ದೇವರು ಬೇಡವೇ?" ಎಂದು ಮನೆಯವರು ಫೋನಿನಲ್ಲಿ ಕೇಳಿದರು. ಬೇಕಿರಬಹುದು. ಭಾನುವಾರ ಅದೇ ಕಟ್ಟಡದ ಮೇಲಿನ ಹಾಲ್‌ನಲ್ಲಿ ಗಾಸ್ಪೆಲ್ ಹಾಡು ನಡೆಯುತ್ತದೆ, ಬಾಗಿಲು ತೆರೆದೇ ಇರುತ್ತದೆ. ಮೆಟ್ಟಿಲು ಹತ್ತುವುದು ಬಿಡುವುದು ಅವನಿಗೆ ಬಿಟ್ಟದ್ದು. ಹತ್ತದಿದ್ದರೂ ಸೋಮವಾರದ ತಿಂಡಿಯಲ್ಲಿ ಅವನಿಗೆ ಒಂದು ತುತ್ತೂ ಕಡಿಮೆಯಾಗುವುದಿಲ್ಲ.