ಅತಿಭಾರಾರೋಪಣ: ಮೂಕಪ್ರಾಣಿಯ ಹೊರೆ, ಶ್ರಾವಕನ ವ್ರತ

ಅಹಿಂಸಾಣುವ್ರತವನ್ನು ಸ್ವೀಕರಿಸಿದ ಗೃಹಸ್ಥನ ವ್ರತಕ್ಕೆ ಕಲೆಯನ್ನುಂಟುಮಾಡುವ ಐದು ಅತಿಚಾರಗಳನ್ನು ಭಗವಾನ್ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಎಣಿಸಿದ್ದಾರೆ. ಪ್ರಾಣಿಯನ್ನು ಕ್ರೂರವಾಗಿ ಕಟ್ಟಿಹಾಕುವುದು ಬಂಧ. ಕೋಲು ಚಾಟಿಗಳಿಂದ ಹೊಡೆಯುವುದು ವಧ. ಕಿವಿ ಮೂಗು ಮೊದಲಾದ ಅವಯವಗಳನ್ನು ಕತ್ತರಿಸುವುದು ಛೇದ. ಶಕ್ತಿಗೆ ಮೀರಿದ ಹೊರೆಯನ್ನು ಹೇರುವುದು ಅತಿಭಾರಾರೋಪಣ. ಹೊತ್ತಿಗೆ ಸರಿಯಾಗಿ ಮೇವು ನೀರು ಕೊಡದಿರುವುದು ಅನ್ನಪಾನನಿರೋಧ. ಮೊದಲ ಮೂರು ದೋಷಗಳು ತನ್ನಲ್ಲಿಲ್ಲವೆಂದು ಶ್ರಾವಕನು ಸುಲಭವಾಗಿ ಸಮಾಧಾನಪಟ್ಟುಕೊಳ್ಳುತ್ತಾನೆ. ಆದರೆ ಕೊನೆಯ ಎರಡು ದೋಷಗಳು, ಒಕ್ಕಲುತನವಿರಲಿ ಅಂಗಡಿಯಿರಲಿ, ಸರಕು ಸಾಗಿಸುವ ಪ್ರತಿಯೊಂದು ಮನೆಯ ಬಾಗಿಲನ್ನೂ ಸದ್ದಿಲ್ಲದೆ ದಾಟಿ ಒಳಬರುತ್ತವೆ.

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಎರೆಭೂಮಿಯಲ್ಲಿ ಈ ಮಾತಿನ ಅರ್ಥ ಬೇಗ ತಿಳಿಯುತ್ತದೆ. ಆಳಂದದ ಕಡೆಯಿಂದ ಹರಿದುಬರುವ ಅಮರ್ಜಾ ನದಿಯು ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಭೀಮೆಯು ಮುಂದೆ ಜೇವರ್ಗಿಯ ಸೀಮೆಗೆ ಸಾಗುತ್ತದೆ. ಮಳೆಗಾಲದಲ್ಲಿ ಈ ಕಪ್ಪು ಮಣ್ಣು ಗಾಲಿಗೂ ಗೊರಸಿಗೂ ಅಂಟಿ ಹೆಜ್ಜೆ ಹೆಜ್ಜೆಗೂ ಹೊರೆಯನ್ನು ಹೆಚ್ಚಿಸುತ್ತದೆ. ಹಿಂದೆ ದಖ್ಖನಿನ ಸರಕೆಲ್ಲ ಎತ್ತಿನ ಬೆನ್ನಮೇಲೆಯೇ ನಡೆಯುತ್ತಿತ್ತು. ಲಂಬಾಣಿಗರು ಸಾವಿರಾರು ಹೇರೆತ್ತುಗಳ ಹಿಂಡು ಕಟ್ಟಿಕೊಂಡು ಕರಾವಳಿಯ ಉಪ್ಪನ್ನು ಒಳನಾಡಿಗೂ, ಒಳನಾಡಿನ ಧಾನ್ಯವನ್ನು ಪೇಟೆಗಳಿಗೂ ಸೈನ್ಯದ ಪಾಳೆಯಗಳಿಗೂ ಮುಟ್ಟಿಸುತ್ತಿದ್ದರು. ಸೊಲ್ಲಾಪುರದಿಂದ ಕಲಬುರಗಿಯ ಮಾರ್ಗವಾಗಿ ಹೊರಟ ರೈಲುದಾರಿ 1871ರಲ್ಲಿ ರಾಯಚೂರನ್ನು ಮುಟ್ಟಿದ ಮೇಲೆ ಆ ಹಿಂಡುಗಳು ಕರಗಿದವು. ಇಂದು ತೊಗರಿಯ ಚೀಲಗಳು ಬಹುಮಟ್ಟಿಗೆ ಟ್ರ್ಯಾಕ್ಟರು ಲಾರಿಗಳಲ್ಲಿ ಹೋಗುತ್ತವೆ. ಆದರೂ ಕಬ್ಬಿನ ಹಂಗಾಮಿನಲ್ಲಿ ನೊಗದ ಕೆಳಗೆ ಬಾಗಿದ ಎತ್ತಿನ ಕೊರಳನ್ನು ಕಾಣದವರಿಲ್ಲ.

ಹೊರೆ ಹೊರಿಸುವುದಕ್ಕೂ ಒಂದು ವಿದ್ಯೆಯುಂಟು. ಎಳೆಯ ಹೋರಿಗೆ ಮೊದಲ ದಿನವೇ ಚೀಲ ಹೇರಬಾರದು. ಮೈಸವರಿ ಮನುಷ್ಯನ ಕೈಗೆ ಒಗ್ಗಿಸಬೇಕು. ಬೆನ್ನಮೇಲೆ ಬರಿಯ ಮೆತ್ತೆಯನ್ನು ಹಾಕಿ, ಪಳಗಿದ ಎತ್ತಿನ ಹಿಂದೆ ನಡೆಸಬೇಕು. ಅನಂತರ ಖಾಲಿ ಹೇರುಚೀಲ, ಆಮೇಲೆ ಹಗುರ ಹೊರೆ. ಎರಡು ಬದಿಯ ತೂಕವೂ ಸಮನಾಗಿರಬೇಕು. ಒಂದು ಬದಿ ಜಗ್ಗಿದರೆ ಮೆತ್ತೆ ಸರಿದು ಚರ್ಮ ಉಜ್ಜಿ ಹುಣ್ಣಾಗುತ್ತದೆ. ಹೊರೆಯ ಭಾರ ಪಕ್ಕೆಗಳ ಮೇಲೆ ಹರಡಬೇಕಲ್ಲದೆ ಬೆನ್ನೆಲುಬಿನ ಮೇಲೆ ಕೂರಬಾರದು. ಬಿಡಾರ ಸೇರಿದೊಡನೆ ಹೊರೆಯಿಳಿಸಿ ಬೆನ್ನನ್ನು ಕೈಯಿಂದ ತಡವಿ ನೋಡಬೇಕು. ಈ ವಿದ್ಯೆಯನ್ನು ಬಲ್ಲವನು ಪ್ರಾಣಿಯನ್ನು ಕೇಳಿ ತಿಳಿಯುವುದಿಲ್ಲ. ನೋಡಿ, ಮುಟ್ಟಿ ತಿಳಿಯುತ್ತಾನೆ.

ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳಲ್ಲಿ ಲಾಮಾ ಎಂಬ ಪ್ರಾಣಿಯುಂಟು. ಒಂಟೆಯ ಕುಲಕ್ಕೆ ಸೇರಿದ ಅದು ಸುಮಾರು 25ರಿಂದ 30 ಕಿಲೋ ಹೊರೆಯನ್ನು ಹೊತ್ತು ಬೆಟ್ಟದ ಕಾಲುದಾರಿಯಲ್ಲಿ ನಡೆಯುತ್ತದೆ. ಹೊರೆ ಮಿತಿಮೀರಿತೆಂದು ತೋರಿದರೆ ನೆಲದ ಮೇಲೆ ಕುಳಿತುಬಿಡುತ್ತದೆ. ಬಲವಂತ ಮಾಡಿದರೆ ಉಗುಳುತ್ತದೆ. ಹೊರೆ ತಗ್ಗಿಸುವವರೆಗೆ ಏಳದು. ಅಲ್ಲಿ ಮಿತಿಯನ್ನು ಪ್ರಾಣಿಯೇ ಹೇಳುತ್ತದೆ. ನಮ್ಮ ಎತ್ತು ಹಾಗಲ್ಲ. ಅದು ಮೊಣಕಾಲು ಕುಸಿಯುವವರೆಗೂ ಎಳೆಯುತ್ತದೆ. ಅದರ ಸಹನೆಯನ್ನೇ ಸಮ್ಮತಿಯೆಂದು ತಿಳಿಯುವುದು ಎಂತಹ ಅಜ್ಞಾನ! ಎಲ್ಲಿ ಪ್ರಾಣಿಯು ‘ಸಾಕು’ ಎನ್ನಲಾರದೋ ಅಲ್ಲಿ ಆ ಮಾತನ್ನು ಯಜಮಾನನ ವ್ರತವೇ ಆಡಬೇಕು.

ಸ್ವಾಮಿ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ದೋಷವನ್ನು ಎರಡು ಕಡೆ ಹೇಳಿರುವುದು ಮನನ ಮಾಡತಕ್ಕ ವಿಷಯ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣವಿದೆ. ಪರಿಗ್ರಹಪರಿಮಾಣ ವ್ರತದ ಅತಿಚಾರಗಳಲ್ಲಿ ಮತ್ತೆ ಅತಿವಾಹನ, ಅತಿಭಾರವಹನಗಳು ಬರುತ್ತವೆ. ಅತಿವಾಹನವೆಂದರೆ ಲೋಭದಿಂದ ಪಶುಗಳನ್ನು ಶಕ್ತಿಮೀರಿ ದೂರ ನಡೆಸುವುದು. ಒಂದೇ ಹೊರೆ ಎರಡು ವ್ರತಗಳನ್ನು ಮಲಿನಗೊಳಿಸುವುದೇಕೆ? ನೋವು ಎತ್ತಿನ ಬೆನ್ನಮೇಲಿದೆ. ಅದರ ಬೇರು ಒಡೆಯನ ಮನಸ್ಸಿನಲ್ಲಿದೆ. ಎರಡು ಸಲದ ಬಾಡಿಗೆಯನ್ನು ಒಂದೇ ಸಲಕ್ಕೆ ಉಳಿಸುವ ಆಶೆಯೇ ಆ ಕೊನೆಯ ಚೀಲವಾಗಿ ಮೇಲೇರುತ್ತದೆ.

ವ್ಯಾಖ್ಯಾನಪರಂಪರೆಯು ಇದಕ್ಕೆ ಸುಲಭವಾದ ಅಳತೆಯನ್ನು ಕೊಟ್ಟಿದೆ. ಪ್ರಾಣಿಗಳ ದುಡಿಮೆಯಿಂದ ಜೀವಿಸುವ ವೃತ್ತಿಯನ್ನು ಬಿಡುವುದು ಉತ್ತಮ. ಬಿಡಲಾಗದಿದ್ದರೆ ಪಶುವಿನ ಮೇಲೆ ಅದು ಹೊರಬಲ್ಲುದಕ್ಕಿಂತ ಸ್ವಲ್ಪ ಕಡಿಮೆಯೇ ಹೇರಬೇಕು, ಸಕಾಲದಲ್ಲಿ ನೊಗದಿಂದ ಬಿಡಬೇಕು. ಮನುಷ್ಯನಿಗೆ ತಾನೇ ಎತ್ತಿ ತಾನೇ ಇಳಿಸಬಲ್ಲಷ್ಟನ್ನೇ ಹೊರಿಸಬೇಕು. ಭಾರತ ಸರಕಾರವು 1965ರಲ್ಲಿ ಮಾಡಿದ ನಿಯಮಗಳೂ ಇದೇ ದಾರಿಯಲ್ಲಿವೆ. ಬೆನ್ನಮೇಲೆ ಹೊರುವ ಸಣ್ಣ ಎತ್ತಿಗೆ 100 ಕಿಲೋ, ಮಧ್ಯಮ ಎತ್ತಿಗೆ 150, ದೊಡ್ಡದಕ್ಕೆ 175, ಕತ್ತೆಗೆ 50 ಕಿಲೋ ಮಿತಿ. ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ ಐದು ಗಂಟೆಗಿಂತ ಹೆಚ್ಚು ದುಡಿಸಕೂಡದು. ಉಷ್ಣತೆ 37 ಡಿಗ್ರಿ ಮೀರುವಲ್ಲಿ ನಡುಹಗಲು 12ರಿಂದ 3 ಗಂಟೆಯವರೆಗೆ ದುಡಿಸಕೂಡದು. ಬೇಸಗೆಯಲ್ಲಿ 40 ಡಿಗ್ರಿ ದಾಟುವ ಈ ಸೀಮೆಗೆ ಕೊನೆಯ ನಿಯಮ ಎಷ್ಟು ಅವಶ್ಯವೆಂದು ಹೇಳಬೇಕಾಗಿಲ್ಲ. ರಾಜಶಾಸನವು ದಂಡದ ಭಯದಿಂದ ನಡೆಸುವುದನ್ನು ಶ್ರಾವಕನು ದಯೆಯಿಂದ ನಡೆಸಬೇಕು.

‘ಬಂಡಿ ಬಾಡಿಗೆಯದು, ಹೊಣೆ ಬಂಡಿಯವನದು’ ಎಂದು ಕೆಲವರು ಹೇಳಬಹುದು. ಸಂಕಲ್ಪಹಿಂಸೆಯ ತ್ಯಾಗದಲ್ಲಿ ಕೃತ, ಕಾರಿತ, ಅನುಮೋದಿತ ಮೂರೂ ಸೇರಿವೆ. ಹೆಚ್ಚು ಹೇರಲು ಹೇಳಿದವನೂ, ಹೇರಿದ್ದನ್ನು ಕಂಡು ಲಾಭವಾಯಿತೆಂದು ಹಿಗ್ಗಿದವನೂ ಪಾಲುದಾರರೇ.

ಪರ್ವದಿನಗಳಲ್ಲಿ ಇನ್ನೊಂದು ಎಚ್ಚರ ಬೇಕು. ಅಷ್ಟಮಿ ಚತುರ್ದಶಿಗಳಲ್ಲಿ ಶ್ರಾವಕನು ಆರಂಭವನ್ನು ತೊರೆದು ಉಪವಾಸವನ್ನು ಕೈಕೊಳ್ಳುತ್ತಾನೆ. ತಾನಾಗಿಯೇ ಆಹಾರವನ್ನು ಬಿಡುವುದು ತಪಸ್ಸು. ಪರಾಧೀನ ಪ್ರಾಣಿಗೆ ಆಹಾರವನ್ನು ತಪ್ಪಿಸುವುದು ಹಿಂಸೆ. ಒಡೆಯನು ಬಸದಿಯಲ್ಲಿ ಸ್ವಾಧ್ಯಾಯಕ್ಕೆ ಕುಳಿತಿರುವಾಗ ಬಿಸಿಲಲ್ಲಿ ನೊಗ ಹೊತ್ತು ನಿಂತ ಎತ್ತು ವ್ರತವಿಲ್ಲದ ಉಪವಾಸವನ್ನು ಮಾಡುತ್ತಿರುತ್ತದೆ. ಚತುರ್ದಶಿಯ ಬಿಡುವನ್ನು ತುಂಬಿಕೊಳ್ಳಲು ತ್ರಯೋದಶಿಯಂದು ಇಮ್ಮಡಿ ಹೇರಿದರೆ, ಆ ಉಪವಾಸದ ಶ್ರಮವನ್ನು ಹೊತ್ತವರು ಯಾರು?

ಆದುದರಿಂದ ವ್ರತ ಹಿಡಿಯುವ ಗೃಹಸ್ಥರು ಉಪವಾಸದ ಪ್ರತ್ಯಾಖ್ಯಾನದೊಡನೆ ಈ ಸಣ್ಣ ನಿಯಮವನ್ನೂ ಮನೆಯಲ್ಲಿ ನಡೆಸಲಿ: ಹೊರಬಲ್ಲುದಕ್ಕಿಂತ ಒಂದು ಚೀಲ ಕಡಿಮೆ ಹೇರುವುದು, ತಾವು ಪಾರಣೆಗೆ ಕೂರುವ ಮುನ್ನ ಕೊಟ್ಟಿಗೆಯ ಮೇವು ನೀರು ನೋಡುವುದು, ಹಮಾಲನ ಹೆಗಲಿಗೂ ಅದೇ ಅಳತೆಯನ್ನು ಅನ್ವಯಿಸುವುದು. ಇಳಿಸಿದ ಆ ಒಂದು ಚೀಲದೊಡನೆ ಅಷ್ಟು ಲೋಭವೂ ಇಳಿದರೆ ವ್ರತವು ನಿರತಿಚಾರವಾಗುವ ದಾರಿ ತೆರೆಯುತ್ತದೆ. ಸಮಸ್ತ ಜೀವರಾಶಿಗೂ ಕ್ಷೇಮವಾಗಲಿ.